ಹರಿವೆ ಸೊಪ್ಪಿನ ಮಳೆ

ನಮ್ಮ ಕೊಡೆ ಸಾಹುಕಾರರ ಗದ್ದ ಸದಾ ಒಂದು ಬೆರಳಷ್ಟು ಮೇಲೆದ್ದಿರುತ್ತಿತ್ತು. ಗೊತ್ತಿಲ್ಲದವರು ಅಹಂಕಾರ ಅಂದುಕೊಳ್ಳುತ್ತಿದ್ದರು. ಗಾಂಧಿ ಬಜಾರಿನಲ್ಲಿ ಅವರ ಪಕ್ಕದಲ್ಲೇ ಬಟ್ಟೆ ಅಂಗಡಿ ಇಟ್ಟಿದ್ದ ನನಗೆ ಗೊತ್ತಿತ್ತು, ಅದು ಮೋಡ ಹುಡುಕಿ ಹುಡುಕಿ ಬಂದ ಭಂಗಿ. ಗಿರಾಕಿ ಎದುರಿಗಿದ್ದರೂ ಅವರ ದೃಷ್ಟಿ ಆಕಾಶದಲ್ಲೇ.

ತಂದೆಯ ಕಾಲದಿಂದ ಬಂದ ಶಾಸ್ತ್ರವೊಂದು ಅವರ ವ್ಯಾಪಾರವನ್ನು ಆಳುತ್ತಿತ್ತು. ಮೃಗಶಿರ ಮಳೆ ಹುಟ್ಟುವ ದಿನ ಒಂದು ಕೊಡೆಗೆ ಕುಂಕುಮವಿಡಬೇಕು. ಮೊದಲ ಹನಿಗೆ ಅದನ್ನು ರಸ್ತೆಯಲ್ಲಿ ಬಿಚ್ಚಿ ನೆನೆಸಬೇಕು. ಆಮೇಲೆಯೇ ಬೋಣಿ. ಅಲ್ಲಿಯವರೆಗೆ ಹೊಸ ಮಾಲಿನ ಕಟ್ಟು ಮುಟ್ಟುವಂತಿಲ್ಲ. ಮಳೆ ಮರ್ಯಾದಸ್ಥನಾಗಿದ್ದ ಕಾಲಕ್ಕೆ ಇದು ಘನವಾದ ಶಾಸ್ತ್ರವೇ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಳೆಗೆ ಪಂಚಾಂಗ ನೋಡುವ ಅಭ್ಯಾಸ ತಪ್ಪಿತು. ಬೇಸಿಗೆ ಹೇಳದೆ ಕೇಳದೆ ಉದ್ದವಾಯಿತು.

ಅಂಥ ಒಂದು ವರ್ಷ ಮೃಗಶಿರ ಒಣಗಿ ಕಳೆದು ಆರ್ದ್ರೆ ಹುಟ್ಟಿದರೂ ಸುಡು ಬಿಸಿಲು. ಕುಂಕುಮದ ಕೊಡೆ ಗಲ್ಲಾಪೆಟ್ಟಿಗೆಯ ಪಕ್ಕ ಮದುಮಗನಂತೆ ಕಾಯುತ್ತಿತ್ತು.

"ಈ ಸಲಾನೂ ಮಳೆ ಕೈಕೊಟ್ರೆ ಅಂಗಡೀನ ಎಸ್‌ಟಿಡಿ ಬೂತಿನವನಿಗೆ ಬಿಡ್ತೀನಿ ಮಾರಾಯ. ಮಾತಾಗಿದೆ," ಅಂದರು ಸಾಹುಕಾರರು.

ಮರುದಿನ, ಪಕ್ಕದೂರು ಭದ್ರಾವತಿಯ ಜನ್ನಾಪುರದಿಂದ ಬಸ್ಸಲ್ಲಿ ಬಂದು ನಮ್ಮ ಅಂಗಡಿಗಳೆದುರು ಸೊಪ್ಪು ಮಾರುತ್ತಿದ್ದ ಹೆಂಗಸು ಮೆಟ್ಟಿಲು ಹತ್ತಿದಳು.

"ಒಂದು ಕೊಡೆ ಕೊಡಿ ಸಾವ್ಕಾರ್ರೆ. ತಲೆ ಕಾದುಹೋಗಿದೆ."

"ಮಳೆ ಬರ್ಲಿ ತಾಯಿ. ಇನ್ನೂ ಬೋಣಿ ಆಗಿಲ್ಲ."

"ನಾನು ಕೇಳ್ತಿರೋದು ಬಿಸಿಲಿಗೆ. ಅದಕ್ಕೂ ಮಳೆ ಬರ್ಬೇಕಾ?"

"ಶಾಸ್ತ್ರ ಕಣಮ್ಮ. ಕೊಡೆ ಮೇಲೆ ಹನಿ ಬೀಳ್ಬೇಕು."

"ಅಷ್ಟೇ ತಾನೆ?"

ಆಕೆ ಕುಂಕುಮದ ಕೊಡೆಯನ್ನೆತ್ತಿಕೊಂಡು ರಸ್ತೆಗಿಳಿದು ಬಿಚ್ಚಿದಳು. ನೀರು ಚಿಮುಕಿಸಿಟ್ಟಿದ್ದ ಹರಿವೆ ಸೊಪ್ಪಿನ ಕಟ್ಟೊಂದನ್ನು ಅದರ ಮೇಲೆ ಜೋರಾಗಿ ಕೊಡವಿದಳು. "ತಗೊಳ್ಳಿ, ಬಂತು."

ಸಾಹುಕಾರರು ಕೊಡೆಯ ಮೇಲಿನ ಹನಿಗಳನ್ನು ನ್ಯಾಯಾಧೀಶರಂತೆ ಪರಿಶೀಲಿಸಿದರು. "ಇದು ಯಾವ ಮಳೆ ಅಂತ ಇಟ್ಕೊಳ್ಳೋಣಮ್ಮ?"

"ಹರಿವೆ ಸೊಪ್ಪಿನ ಮಳೆ."

ಆ ಮನುಷ್ಯ ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣೊರೆಸಿಕೊಂಡು, ಅದೇ ಕೊಡೆಯನ್ನು ಅವಳಿಗೆ ಬೋಣಿ ಮಾಡಿ, ಅಟ್ಟದ ಕಟ್ಟುಗಳನ್ನೆಲ್ಲ ಇಳಿಸಿದರು. ಬಿಸಿಲಲ್ಲಿ ಬೆಂದ ಜನ ಸಂಜೆಯವರೆಗೂ ಕೊಂಡರು. ಅಂತೂ ಬೂತಿನವನು ಬೇರೆ ಮಳಿಗೆ ನೋಡಿಕೊಂಡ. ಈಗ ಎಸ್‌ಟಿಡಿ ಬೂತುಗಳೇ ಇಲ್ಲ, ಕೊಡೆ ಅಂಗಡಿ ಇದೆ.

ಆಮೇಲಿನ ವರ್ಷಗಳಲ್ಲಿ ಶಿವರಾತ್ರಿ ಕಳೆಯುತ್ತಲೇ ಸೊಪ್ಪಿನವಳು ವಿಧ್ಯುಕ್ತವಾಗಿ ಮಳೆ ಸುರಿಸುತ್ತಿದ್ದಳು. ಸಾಹುಕಾರರ ಗದ್ದವೂ ಕೆಳಗಿಳಿಯಿತು. ಗಿರಾಕಿಯ ಮುಖ ನೋಡಿ, "ಎಲ್ಲಿ ಕೆಲಸ? ನೆರಳಿದ್ಯಾ ಅಲ್ಲಿ?" ಎಂದು ವಿಚಾರಿಸತೊಡಗಿದರು.

ಅವರು ತೀರಿಹೋದದ್ದು ಒಂದು ಚೈತ್ರದ ಮಧ್ಯಾಹ್ನ. ತೀರಿದವರನ್ನು ಕೂರಿಸಿ ಕರೆದೊಯ್ಯುವ ಪದ್ಧತಿ ಅವರ ಮನೆಯದು. ಬಜಾರಿನುದ್ದಕ್ಕೂ ಹಿಂದೆ ನಡೆದ ಕರಿಕೊಡೆಗಳಲ್ಲಿ ಮಳೆಗೆಂದು ತಂದದ್ದು ಒಂದೂ ಇರಲಿಲ್ಲ. ಸೊಪ್ಪಿನವಳು ತೇಪೆ ಹಾಕಿದ ಆ ಹಳೆಯ ಕೊಡೆಯನ್ನು ಅವರ ತಲೆಯ ಮೇಲೆ ಹಿಡಿದಿದ್ದಳು.

ನನ್ನ ಅಂಗಡಿಯಲ್ಲೂ ಸ್ವೆಟರುಗಳು ಕಾರ್ತಿಕದ ಚಳಿಗೆ ಕಾದು ಕೂತಿರುತ್ತಿದ್ದವು. ಈಗ ನಾನು ಚಳಿಯ ದಾರಿ ನೋಡುವುದಿಲ್ಲ. ಬಾಗಿಲಲ್ಲಿ ನಿಂತವರ ಮುಖ ನೋಡುತ್ತೇನೆ. ಬೆವರಿದ್ದರೆ, ಕಾರ್ತಿಕವಾದರೂ ಸರಿ, ತೆಳು ಹತ್ತಿ ಬಟ್ಟೆಯ ಥಾನು ಬಿಚ್ಚುತ್ತೇನೆ.