ಲೈನ್ ನಿಲ್ಲಿಸದ ಮೇಷ್ಟ್ರು

ತಾಂತ್ರಿಕ ಕಾಲೇಜಿನ ಅಳತೆ ಲ್ಯಾಬಿಗೆ ಹೊಸದಾಗಿ ಯಾರೇ ಬಂದರೂ ಮೊದಲ ವಾರದಲ್ಲೇ ಎರಡು ಸಂಗತಿ ಕಲಿತುಬಿಡುತ್ತಿದ್ದರು. ಒಂದು, ಮೈಕ್ರೊಮೀಟರನ್ನು ಹೇಗೆ ಹಿಡಿಯಬೇಕು ಎಂಬುದು. ಇನ್ನೊಂದು, ಲ್ಯಾಬಿನ ಯಜಮಾನರಾದ ಫಾರಿನ್ ಮೇಷ್ಟ್ರು ಒಂದಾನೊಂದು ಕಾಲದಲ್ಲಿ ಫಾರಿನ್ನಿಗೆ ಹೋಗಿದ್ದರು ಎಂಬುದು. ಮೊದಲನೆಯದನ್ನು ಮರೆತರೆ ಏನೂ ಆಗುತ್ತಿರಲಿಲ್ಲ. ಎರಡನೆಯದನ್ನು ಮರೆಯಲು ಮೇಷ್ಟ್ರೇ ಬಿಡುತ್ತಿರಲಿಲ್ಲ.

ಹೋಗಿದ್ದರು ಎಂದರೆ ಮಹಾ ಏನಲ್ಲ. ತಾವು ಇದೇ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಾಗ, ಹೊರದೇಶದ ಒಂದು ಪಂಪು ಕಾರ್ಖಾನೆಗೆ ತರಬೇತಿಗೆಂದು ಕೆಲವು ತಿಂಗಳು. ಆಗ ತಲೆ ತುಂಬ ಕೂದಲಿತ್ತು. ಕೂದಲು ಉದುರುತ್ತಾ ಹೋಯಿತು, ಆ ಕೆಲವು ತಿಂಗಳು ಮಾತ್ರ ಉಬ್ಬುತ್ತಾ ಬಂತು. ಸ್ಟಾಫ್ ರೂಮಿನ ಫ್ಯಾನು ಕಿರಗುಟ್ಟಿದರೆ, "ಅಲ್ಲಿ ಫ್ಯಾನೇ ಬೇಕಾಗಲ್ಲ ಕಣ್ರೀ." ಬಸ್ಸು ತಡವಾದರೆ, "ಅಲ್ಲಿ ಬಸ್ ನೋಡಿ ಗಡಿಯಾರ ಸರಿಮಾಡ್ಕೋತಾರೆ." ಟೀ ತಣ್ಣಗಾದರೂ ಅಲ್ಲಿ, ಬಾಗಿಲು ಬಿಗಿಯಾದರೂ ಅಲ್ಲಿ. ಡ್ರಾಯಿಂಗ್ ಮೇಷ್ಟ್ರೊಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಆ 'ಅಲ್ಲಿ' ಕೇಳಿದೊಡನೆ ಕಿಟಕಿಯಾಚೆ ನೋಡಲು ಕಲಿತಿದ್ದರು.

ಈ ಬುರುಡೆಗಳಿಗೆಲ್ಲ ಕಿರೀಟದಂಥದ್ದು ಒಂದಿತ್ತು. ಅದನ್ನು ಪ್ರತಿ ಹೊಸ ತರಗತಿಗೂ ಎದೆ ಮುಂದೆ ಮಾಡಿ ಹೇಳುತ್ತಿದ್ದರು: "ನಾನು ಅಳತೆ ಮೇಜಲ್ಲಿ ಕೂತಷ್ಟು ದಿನ ಆ ಕಾರ್ಖಾನೆಯ ಮಷೀನ್ ಲೈನ್ ಒಂದು ಸಲಾನೂ ನಿಂತಿಲ್ಲ. ಬೇಕಾದ್ರೆ ಹೋಗಿ ಕೇಳಿ." ಯಾರೂ ಹೋಗಿ ಕೇಳುವುದಿಲ್ಲ ಎಂಬ ಧೈರ್ಯದ ಮೇಲೆ ಆಡಿದ ಮಾತು ಅದು.

ತಮಾಷೆ ಏನೆಂದರೆ, ಮೇಷ್ಟ್ರ ಬಾಯಿಂದ ಉದುರಿದ ಮಾತುಗಳಲ್ಲಿ ಅದೊಂದೇ, ಮೊದಲ ದಿನ ಬಿಟ್ಟರೆ, ಅಕ್ಷರಶಃ ನಿಜ. ಲೈನ್ ನಿಜಕ್ಕೂ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಎಂದು ತಿಳಿಯಬೇಕಾದರೆ ಮೊದಲು ಈ ಕಾಲೇಜಿನ ಲ್ಯಾಬಿನಲ್ಲಿ ನಡೆಯುವ ಪೂಜೆ ತಿಳಿಯಬೇಕು. ಇಲ್ಲಿ ಅಳತೆ ಮಾಡುವುದೆಂದರೆ ಅಳೆಯುವುದಲ್ಲ. ಉತ್ತರ ಎಷ್ಟು ಬರಬೇಕು ಎಂಬುದು ಮೊದಲೇ ಎಲ್ಲರಿಗೂ ಗೊತ್ತು. ಆ ಉತ್ತರ ಬರುವ ಹಾಗೆ ಹಿಂದಿನಿಂದ ಮುಂದಕ್ಕೆ ರೀಡಿಂಗ್ ಹುಟ್ಟಿಸುವುದು, ಅಲ್ಲೊಂದು ಕೂದಲೆಳೆ ಹೆಚ್ಚು, ಇಲ್ಲೊಂದು ಕೂದಲೆಳೆ ಕಡಿಮೆ ಇಟ್ಟು ಅಸಲಿಯಂತೆ ಕಾಣಿಸುವುದು. ಈ ವಿದ್ಯೆಗೆ ಹುಡುಗರು 'ಹೊಂದಿಸೋದು' ಎನ್ನುತ್ತಿದ್ದರು. ನಿಜವಾಗಿ ಅಳೆದ ಬಡಪಾಯಿಗೆ ಉತ್ತರ ಸರಿಬರದೆ ಬೈಗುಳ ಬೀಳುತ್ತಿತ್ತು, ಹೊಂದಿಸಿದವನಿಗೆ ಬೆನ್ನು ತಟ್ಟುತ್ತಿದ್ದರು. ಅತಿ ಚೆನ್ನಾಗಿ ಹೊಂದಿಸಿದವನನ್ನು ಫಾರಿನ್ನಿಗೆ ಕಳಿಸಿದರು.

ಅಲ್ಲಿ ನಮ್ಮ ಮೇಷ್ಟ್ರನ್ನು ಗಾಜಿನ ಕೋಣೆಯೊಂದರಲ್ಲಿ ಕೂರಿಸಿದರು. ಎದುರಿಗೆ ಶಾಫ್ಟುಗಳನ್ನು ಉಜ್ಜಿ ನಯ ಮಾಡುವ ಯಂತ್ರ, ಅದರ ಪಕ್ಕ ಅದನ್ನು ನಡೆಸುವವನು. ಟ್ರೇಯಲ್ಲಿ ಬಂದ ಶಾಫ್ಟುಗಳಲ್ಲಿ ಒಂದೊಂದನ್ನು ಎತ್ತಿ ದಪ್ಪ ಅಳೆದು, ಮೈಕಿನಲ್ಲಿ ನಂಬರ್ ಕೂಗಬೇಕು. ಅವನು ಆ ನಂಬರ್ ನಂಬಿ ಯಂತ್ರದ ಹಿಡಿ ತಿರುಗಿಸಬೇಕು. ಮೊದಲ ದಿನ ಇವರು ನಿಜವಾಗಿಯೇ ಅಳೆದರು. ನಂಬರ್ ಕೊಂಚ ಹೆಚ್ಚು ಬಂತು. ಆತ ಯಂತ್ರ ನಿಲ್ಲಿಸಿ ಗಾಜಿನಾಚೆಯಿಂದ ಇವರನ್ನೇ ನೋಡಿದ. ಇವರ ಎದೆ ಧಸಕ್ಕೆಂದಿತು. ರೀಡಿಂಗ್ ತಪ್ಪಿದರೆ ಬೈಸಿಕೊಳ್ಳುವವನು ವಿದ್ಯಾರ್ಥಿ ಎಂದು ಹುಟ್ಟಿದಾಗಿನಿಂದ ಕಲಿತ ಜೀವ. ಮಾರನೆಯ ದಿನದಿಂದ ಶಾಫ್ಟಿನ ನಕ್ಷೆಯಲ್ಲಿ, ಅಂದರೆ ಡ್ರಾಯಿಂಗಿನಲ್ಲಿ, ಇದ್ದ ನಂಬರನ್ನೇ, ಅಲ್ಲೊಂದು ಇಲ್ಲೊಂದು ಕೂದಲೆಳೆ ಆಚೀಚೆ ಮಾಡಿ, ಆರಾಮಾಗಿ ಕೂಗತೊಡಗಿದರು. ಯಂತ್ರದೊಳಗಿನ ಉಜ್ಜುವ ಕಲ್ಲು ಸವೆಯುತ್ತಾ ಹೋಯಿತು, ಶಾಫ್ಟು ದಪ್ಪವಾಗುತ್ತಾ ಹೋಯಿತು, ಲೈನ್ ಓಡುತ್ತಲೇ ಇತ್ತು. ಕೊನೆಗೆ ಜೋಡಣೆ ವಿಭಾಗದಲ್ಲಿ ಬೇರಿಂಗುಗಳು ಶಾಫ್ಟಿಗೆ ಹತ್ತಲೇ ಇಲ್ಲ. ಒಂದು ಗೋಡೌನಿನಷ್ಟು ಮಾಲು ಗುಜರಿಗೆ ಹೋಯಿತು.

ಉಳಿದ ತಿಂಗಳುಗಳನ್ನು ನಮ್ಮ ಮೇಷ್ಟ್ರು ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಟ್ರೇಗಳಿಗೆ ಅಂಟಿದ ಎಣ್ಣೆ ತೊಳೆಯುತ್ತಾ ಕಳೆದರು. ಈ ಕಾಲೇಜಿನಿಂದ ಇನ್ನು ಯಾರನ್ನೂ ಕಳಿಸಬೇಡಿ ಎಂದು ಕಾರ್ಖಾನೆಯವರು ಖಡಾಖಂಡಿತವಾಗಿ ಹೇಳಿಬಿಟ್ಟರು. ಅದನ್ನು ಕೇಳಿಸಿಕೊಂಡ ಪ್ರಿನ್ಸಿಪಾಲರು ನಿವೃತ್ತರಾದರು, ಆಮೇಲೆ ತೀರಿಯೂ ಹೋದರು. ಅಷ್ಟರಲ್ಲಿ ಇವರು ಅದೇ ಕಾಲೇಜಿಗೆ ಮೇಷ್ಟ್ರಾಗಿ ಬಂದು, ವಿದೇಶ ತರಬೇತಿಯ ಉಸ್ತುವಾರಿಯನ್ನು ತಾವೇ ಕೇಳಿ ಪಡೆದರು. ಬಾಗಿಲು ಕಾಯುವವರು ತಾವೇ ಆದರೆ ಒಳಗಿನ ಹೆಣ ಯಾರಿಗೂ ಕಾಣುವುದಿಲ್ಲವಲ್ಲ. ಆ ಪಂಪು ಕಾರ್ಖಾನೆಗೆ ಹೋಗಬೇಕೆಂದು ಯಾರಾದರೂ ಕೇಳಿದರೆ ಮುಖ ಸಣ್ಣ ಮಾಡಿ, "ಅದು ಮುಚ್ಚಿಹೋಯ್ತಪ್ಪ, ಒಳ್ಳೆ ಕಂಪನಿ, ಪಾಪ" ಎನ್ನುತ್ತಿದ್ದರು. ಹುಡುಗರನ್ನು ಬೇರೆಲ್ಲೋ ಸಾಗಹಾಕುತ್ತಿದ್ದರು. ಅವರೂ ಅಲ್ಲೆಲ್ಲೋ ಪೆಟ್ಟಿಗೆಗಳಿಗೆ ಸ್ಟಿಕ್ಕರ್ ಅಂಟಿಸಿ, ಗೇಟಿನ ಮುಂದೆ ಹೆಲ್ಮೆಟ್ ಹಾಕಿಕೊಂಡು ಫೋಟೊ ತೆಗೆಸಿಕೊಂಡು ಬಂದು, ಗುರುವಿಗೆ ತಕ್ಕ ಶಿಷ್ಯರಾಗಿ ಜೂನಿಯರುಗಳ ಕಿವಿ ಮೇಲೆ ಹೂ ಇಡುತ್ತಿದ್ದರು.

ಹೀಗೆ ಸುಖವಾಗಿ ನಡೆದಿದ್ದಾಗ ಆ ಕಾರ್ಖಾನೆಯಿಂದಲೇ ಹೊಸ ಪ್ರಿನ್ಸಿಪಾಲರಿಗೆ ಮೇಲ್ ಬಂತು. ಹೊಸ ಆಡಳಿತ, ಹೊಸ ಜನ. ಒಬ್ಬ ವಿದ್ಯಾರ್ಥಿಯನ್ನು ತರಬೇತಿಗೆ ಕಳಿಸಿ, ಚೆನ್ನಾಗಿ ಮಾಡಿದರೆ ಕೆಲಸಕ್ಕೇ ಇಟ್ಟುಕೊಳ್ಳುತ್ತೇವೆ, ಆಮೇಲೆ ಪ್ರತಿ ವರ್ಷ ತೆಗೆದುಕೊಳ್ಳುತ್ತೇವೆ ಎಂದಿತ್ತು. ತರಗತಿಗೆ ಮೊದಲಿಗಳಾಗಿದ್ದವಳು ಬೇರೆ ಯಾರೂ ಅಲ್ಲ, ಮೇಷ್ಟ್ರ ಅಕ್ಕನ ಮಗಳು.

ಅಕ್ಕ ಗಂಡ ಸತ್ತ ಮೇಲೆ ಮನೆಯಲ್ಲೇ ಶಾಲೆಗಳ ಯೂನಿಫಾರಂ ಹೊಲಿದು ಮಗಳನ್ನು ಓದಿಸಿದವಳು. ತಮ್ಮನ ಫಾರಿನ್ ಕಥೆಗಳನ್ನು ಪ್ರಪಂಚದಲ್ಲಿ ಇನ್ನೂ ನಂಬಿಕೊಂಡಿದ್ದ ಒಂದೇ ಒಂದು ಪ್ರಾಣಿ. ಮೇಷ್ಟ್ರು ಆ ಸಂಜೆಯೇ ಅವಳ ಮನೆಗೆ ಓಡಿದರು. ಬಟ್ಟೆಯ ಗಂಟುಗಳ ನಡುವೆ ಜಾಗ ಮಾಡಿಕೊಂಡು ಕೂತು, ಪೀಠಿಕೆ ಹಾಕಿದರು.

"ಅಲ್ಲಿ ಚಳಿ ಅಂದ್ರೆ ಚಳಿ ಅಕ್ಕ. ಹೆಣ್ಣುಮಗು ಬೇರೆ. ಇನ್ನೊಂದು ಕಡೆ ನಾನೇ ನೋಡಿ ಕೊಡಿಸ್ತೀನಿ."

"ನೀನು ಬದುಕಿ ಬರಲಿಲ್ವೇನೋ?" ಎಂದಳು ಅಕ್ಕ, ಬಾಯಲ್ಲಿದ್ದ ಗುಂಡುಪಿನ್ನು ತೆಗೆಯುತ್ತಾ. "ಎರಡು ಹನಿ ಬಿದ್ರೆ ಸೀನ್ತಿದ್ದವನು ನೀನು. ನೀನೇ ಅಷ್ಟು ಹೆಸರು ಮಾಡಿ ಬಂದೆ. ಇವಳಿಗೇನಾಗುತ್ತೆ?"

"ಮಾವ, ಅದು ಮುಚ್ಚಿಹೋಗಿದೆ ಅಂತಿದ್ರಲ್ಲ?" ಎಂದಳು ಹುಡುಗಿ.

"ಮತ್ತೆ ತೆಗೆದಿರಬೇಕು, ಪುಟ್ಟಿ," ಎಂದು ಮೇಷ್ಟ್ರು ತಿಪ್ಪೆ ಸಾರಿಸಿದರು.

ಅವರ ಬೇಳೆ ಬೇಯಲಿಲ್ಲ. ಹುಡುಗಿ ಹೊರಟಳು. ಹೊರಡುವ ತನಕ ಮಾವ ಹೇಳಿದ ಬುದ್ಧಿಮಾತು ಒಂದೇ ಎರಡೇ. ಎಂಥ ಜಾಕೆಟ್ ಕೊಳ್ಳಬೇಕು, ಅಲ್ಲಿನ ಪ್ಲಗ್ಗಿಗೆ ಎಂಥ ಪಿನ್ನು ಬೇಕು, ವಿಮಾನದಲ್ಲಿ ಕಿವಿ ಕಟ್ಟಿದರೆ ಏನು ಮಾಡಬೇಕು. 'ಕಂಡದ್ದನ್ನು ಕಂಡ ಹಾಗೆ ಹೇಳು' ಎನ್ನುವ ಒಂದು ವಾಕ್ಯ ಮಾತ್ರ ಆ ಬಾಯಿಗೆ ಭಾರವಾಯಿತು. ಹೇಳಿದರೆ, ಲ್ಯಾಬಿನಲ್ಲಿ ನೀವೇ ಹೊಂದಿಸಲು ಕಲಿಸಿದಿರಲ್ಲ ಎಂದು ಕೇಳಿಬಿಟ್ಟರೆ? ಮಾನ ದೊಡ್ಡದು. ಸೋದರಸೊಸೆಯ ಬದುಕು ಅದರ ಪಕ್ಕದಲ್ಲಿ ಎಲ್ಲೋ ಒಂದು ಕಡೆ ಇತ್ತು.

ಫೋನು ಬಂದದ್ದು ಒಂದು ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ, ಟೀ ಹೊತ್ತಿನಲ್ಲಿ. ಮೇಷ್ಟ್ರ ಚಪಲ ನೋಡಿ. ಸುಮ್ಮನೆ ಕಿವಿಗಿಟ್ಟುಕೊಳ್ಳಬಹುದಿತ್ತು. "ನಮ್ಮ ಹುಡುಗಿ, ಅಲ್ಲಿಂದ," ಎಂದು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿ ಮೇಜಿನ ನಡುವೆ ಇಟ್ಟರು.

"ಮಾವ, ನನ್ನನ್ನ ಅಳತೆ ಮೇಜಿಗೇ ಹಾಕಿದಾರೆ. ನೀವು ಕೂತಿದ್ದ ಕೆಲಸಾನೇ." ಅವಳ ದನಿಯಲ್ಲಿ ಅಳು ಇತ್ತು. "ನಾನು ನಂಬರ್ ಹೇಳಿದಾಗೆಲ್ಲ ಮಷೀನ್ ನಿಲ್ಲಿಸಿಬಿಡ್ತಾರೆ. ನಿಲ್ಲಿಸಿ ನನ್ನ ಕಡೆ ನೋಡ್ತಾರೆ. ಭಾಷೆ ಬರಲ್ಲ, ಏನು ಕೇಳೋದು ಗೊತ್ತಾಗಲ್ಲ. ನನಗೆ ಅಳೆಯೋಕೇ ಬರಲ್ವೇನೋ ಅನ್ನಿಸಿಬಿಟ್ಟಿದೆ. ನೀವಿದ್ದಾಗ ಒಂದು ಸಲಾನೂ ನಿಂತಿಲ್ಲ ಅಂತೀರಲ್ಲ, ಅದು ಹೇಗೆ ಮಾಡ್ತಿದ್ರಿ?"

ಡ್ರಾಯಿಂಗ್ ಮೇಷ್ಟ್ರು ಕಪ್ಪು ಕೆಳಗಿಟ್ಟರು. ಕಿಟಕಿಯಾಚೆ ನೋಡುತ್ತಿದ್ದ ಉಳಿದವರೂ ಇತ್ತ ತಿರುಗಿದರು. ಎಷ್ಟೋ ವರ್ಷಗಳ ಮೇಲೆ ಆ ರೂಮಿನಲ್ಲಿ ಫಾರಿನ್ ಮೇಷ್ಟ್ರ ಉತ್ತರಕ್ಕೆ ಜನ ನಿಜವಾಗಿ ಕಾಯುತ್ತಿದ್ದರು. ಸರಿಯಾದ ಉತ್ತರ ಅವರಷ್ಟು ಚೆನ್ನಾಗಿ ಬಲ್ಲವರು ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ. ಶೆಡ್ಡಿನಲ್ಲಿ ಟ್ರೇ ತೊಳೆದು ಕಲಿತದ್ದು.

"ಹೊಸದರಲ್ಲಿ ಕೈ ನಡುಗುತ್ತೆ ಪುಟ್ಟಿ," ಎಂದರು, ದನಿಗೆ ಗಾಂಭೀರ್ಯ ಬರಿಸಿಕೊಂಡು. "ಡ್ರಾಯಿಂಗಲ್ಲಿ ಎಷ್ಟಿದೆಯೋ ಅದರ ಹತ್ತಿರಾನೇ ಬರಬೇಕು. ಬರಲಿಲ್ಲ ಅಂದ್ರೆ ತಪ್ಪು ನಿನ್ನದು. ನಮ್ಮ ಲ್ಯಾಬಲ್ಲಿ ಮಾಡ್ತಿದ್ದ ಹಾಗೆ ಸ್ವಲ್ಪ ಹೊಂದಿಸ್ಕೊ."

"ಇಲ್ಲೂನಾ ಮಾವ?"

"ಎಲ್ಲಾ ಕಡೆ ಅಷ್ಟೆ."

"ಅನುಭವ ಅಂದ್ರೆ ಇದು ನೋಡಿ," ಎಂದರು ಡ್ರಾಯಿಂಗ್ ಮೇಷ್ಟ್ರು.

ಆಮೇಲೆ ಫಾರಿನ್ ಮೇಷ್ಟ್ರು ಫೋನು ಹಿಡಿದು ವರಾಂಡಕ್ಕೆ ಹೋದರು. ಹುಡುಗಿಗೆ ವಾಪಸ್ ಫೋನು ಮಾಡಿ, ಬೇಡಮ್ಮ, ಕಂಡದ್ದನ್ನೇ ಹೇಳು, ಯಂತ್ರ ನಿಂತರೆ ನಿಲ್ಲಲಿ ಎಂದುಬಿಡಬೇಕು ಎಂದು ಅವಳ ನಂಬರಿನ ಮೇಲೆ ಬೆರಳೂ ಇಟ್ಟರು. ಅಷ್ಟರಲ್ಲಿ ಬೆಲ್ ಹೊಡೆಯಿತು. ಕ್ಲಾಸಿತ್ತು. ಜೀವಮಾನದಲ್ಲಿ ಒಮ್ಮೆಯೂ ಬೆಲ್ಲಿಗೆ ಸರಿಯಾಗಿ ಕ್ಲಾಸಿಗೆ ಹೋದವರಲ್ಲ, ಅಂದು ಮಾತ್ರ ಓಡಿದರು. ಹೋಗಿ ಹೊಸ ಹುಡುಗರಿಗೆ ಲೈನ್ ನಿಲ್ಲದ ಕಥೆಯನ್ನೇ ಹೇಳಿದರು.

ಕೆಲವು ದಿನ ಅವಳಿಂದ ಸಂತೋಷದ ಮೆಸೇಜುಗಳು ಬಂದವು. ಈಗ ನಿಲ್ಲುತ್ತಿಲ್ಲ ಮಾವ, ಯಾರೂ ನನ್ನ ಕಡೆ ನೋಡುವುದೂ ಇಲ್ಲ. ಮೇಷ್ಟ್ರು ಅದನ್ನು ಸ್ಟಾಫ್ ರೂಮಿನಲ್ಲಿ ಓದಿ ಹೇಳಿದರು. ಆಮೇಲೆ ಮೆಸೇಜು ನಿಂತುಹೋಯಿತು. ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಫೋನು ಬಂತು. "ಹುಡುಗಿ ವಾಪಸ್ ಬಂದ್ಬಿಟ್ಟಿದಾಳೆ ಕಣೋ. ಬಾಯೇ ಬಿಡ್ತಿಲ್ಲ. ನೀನಾದ್ರೂ ಬಂದು ಕೇಳು."

ದಾರಿಯುದ್ದಕ್ಕೂ ಮೇಷ್ಟ್ರು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡರು. ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ ಎನ್ನುವುದೋ, ನಾನು ಮೊದಲೇ ಬೇಡ ಅಂದಿದ್ದೆ ಎನ್ನುವುದೋ. ಎರಡನೆಯದೇ ಚೆನ್ನ ಎನ್ನಿಸಿತು. ಮನೆಯಲ್ಲಿ ಸೂಟ್‌ಕೇಸು ಬಾಗಿಲ ಬಳಿ ಬಿಚ್ಚದೆ ನಿಂತಿತ್ತು. ಅಕ್ಕ ಟೀ ಮಾಡಲು ಒಳಗೆ ಹೋದಳು. ಹುಡುಗಿ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು, ಯಾವುದೋ ಮಗುವಿನ ಯೂನಿಫಾರಂ ಅಂಗಿಗೆ ಗುಂಡಿ ಹಚ್ಚುತ್ತಾ.

"ನಾನು ಮೊದಲೇ ಬೇಡ ಅಂದಿದ್ದೆ..." ಎಂದು ಮೇಷ್ಟ್ರು ಶುರುಮಾಡಿದರು.

"ಬೇರಿಂಗ್ ಹತ್ತಲಿಲ್ಲ ಮಾವ," ಎಂದಳು ಅವಳು, ತಲೆ ಎತ್ತದೆ. "ಮಾಲೆಲ್ಲ ಗುಜರಿಗೆ ಹೋಯ್ತು. ಎಲ್ಲ ಹೇಳೋಕೆ ಒಬ್ಬ ದುಭಾಷಿನ ಕರೆಸಿದ್ರು. ಆ ಮಷೀನ್ ನಿಲ್ಲಿಸೋದೇ ಕೆಲಸವಂತೆ. ನಿಲ್ಲಿಸಿ ಸರಿಮಾಡೋದು, ಮತ್ತೆ ನಡೆಸೋದು. ಅವರು ನನ್ನ ಕಡೆ ನೋಡ್ತಿದ್ದದ್ದು ಮುಂದಿನ ನಂಬರ್ ಕೇಳೋಕಂತೆ. ಬೈಯೋಕಲ್ಲ. ಚೆನ್ನಾಗಿ ಹೇಳ್ತಿದಾಳೆ, ಹುಡುಗೀನ ಇಟ್ಕೊಳ್ಳೋಣ ಅಂತ ಮೊದಲ ವಾರದಲ್ಲೇ ಮಾತಾಡ್ಕೊಂಡಿದ್ರಂತೆ."

ಮೇಷ್ಟ್ರು ಬೆವರು ಒರೆಸಿಕೊಂಡರು.

"ಹೀಗೆ ಮಾಡೋಕೆ ಯಾರು ಹೇಳಿಕೊಟ್ಟಿದ್ದು ಅಂತ ಕೇಳಿದ್ರು. ನಾನು ನಿಮ್ಮ ಹೆಸರು ಹೇಳಲಿಲ್ಲ. ಅಲ್ಲಿ ಹಳಬರ ಪೈಕಿ ವಯಸ್ಸಾದ ಫೋರ್‌ಮನ್ ಒಬ್ಬರು ಮಾತ್ರ ಉಳಿದಿದಾರೆ. ಮೊದಲು ಆ ಮಷೀನ್ ಅವರೇ ನಡೆಸ್ತಿದ್ರಂತೆ. ಯಾವ ಕಾಲೇಜಮ್ಮ ಅಂದ್ರು. ಹೇಳಿದೆ. ನಿಮ್ಮ ಹೆಸರು ಅವರೇ ಹೇಳಿದ್ರು ಮಾವ. ಹಿಂದಿನ ಶೆಡ್ಡಿಗೆ ಕರ್ಕೊಂಡು ಹೋಗಿ, ನೀವು ಟ್ರೇ ತೊಳೀತಿದ್ದ ಜಾಗ ತೋರಿಸಿದ್ರು."

ಅವಳು ಹಲ್ಲಿನಲ್ಲಿ ದಾರ ಕಡಿದಳು. "ನಾನು ಫೋನ್ ಮಾಡಿದ ದಿನ ನಿಮಗೆ ಎಲ್ಲಾ ಗೊತ್ತಿತ್ತು."

ಈಗಲಾದರೂ ಒಂದು ಮಾತು ಹೇಳಬಹುದಿತ್ತು. ತಪ್ಪಾಯಿತು ಪುಟ್ಟಿ ಎಂದಿದ್ದರೆ ಮೇಷ್ಟ್ರ ತಲೆಯ ಮೇಲೆ ಉಳಿದಿದ್ದ ನಾಲ್ಕು ಕೂದಲೇನೂ ಉದುರುತ್ತಿರಲಿಲ್ಲ. ಅವರು ಅಡುಗೆಮನೆಯ ಕಡೆ ಒಮ್ಮೆ ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು:

"ಅಮ್ಮನಿಗೆ ಹೇಳಿದೀಯಾ?"

ಹುಡುಗಿ ಆಗ ತಲೆ ಎತ್ತಿ ಮಾವನ ಮುಖವನ್ನು ಪೂರ್ತಿ ನೋಡಿದಳು.

"ಇಲ್ಲ."

"ಒಳ್ಳೇದಾಯ್ತು," ಎಂದು ಮೇಷ್ಟ್ರು ಉಸಿರು ಬಿಟ್ಟರು. "ಚಳಿ ಒಗ್ಗಲಿಲ್ಲ ಅಂದ್ಬಿಡೋಣ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಅವಳು ಅಂಗಿಯನ್ನು ಮಡಚಿ ಗಂಟಿನ ಮೇಲಿಟ್ಟಳು.

"ಅಮ್ಮಾ," ಎಂದು ಒಳಗೆ ಕೂಗಿದಳು, "ಟೀ ಆಮೇಲಾಗಲಿ, ಒಲೆ ಆರಿಸಿ ಬಾ. ನಾನು ಯಾಕೆ ವಾಪಸ್ ಬಂದೆ ಅಂತ ಮಾವ ಹೇಳ್ತಾರಂತೆ."

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ತಮ್ಮನ ಎದುರಿಗೇ ನೆಲದ ಮೇಲೆ ಕೂತಳು. ಅವನು ಏನು ಹೇಳಿದರೂ ನಂಬುವ ಮುಖ ಅದು.

"ಹೇಳಪ್ಪ," ಎಂದಳು.