ಪಂಚನಾಮೆ ಮಾಡಿ ಕುಡಿಸಿದ ಔಷಧ

ಗಾರ್ಡ್ ಶರಣಪ್ಪನವರಿಗೆ ಕಣ್ಣು ಎರಡಿದ್ದರೂ ಸರ್ಕಾರ ಸಂಬಳ ಕೊಟ್ಟದ್ದು ಮೂಗಿಗೆ. ಅಬಕಾರಿ ಇಲಾಖೆಯಲ್ಲಿ ಅವರ ಕೆಲಸ ಗಾಂಜಾ ಹಿಡಿಯುವುದು. ಹತ್ತಿಯ ಸಾಲಿನ ನಡುವೆಯೋ ತೊಗರಿಯ ಮರೆಯಲ್ಲೋ ಯಾರಾದರೂ ನಾಲ್ಕು ಗಿಡ ಹಾಕಿಕೊಂಡಿದ್ದರೆ, ಇವರು ಬದುವಿನ ಮೇಲೆ ನಿಂತು, ಗಾಳಿ ಬರುವ ಕಡೆ ಮುಖ ಮಾಡಿ, ಎರಡು ಸಲ ಮೂಗು ಏರಿಸಿ, "ಆರನೇ ಸಾಲು" ಎನ್ನುತ್ತಿದ್ದರಂತೆ. ಕುಷ್ಟಗಿಯಿಂದ ಗಂಗಾವತಿಗೆ ಹೋಗುವ ಬಸ್ಸನ್ನು ಅವರು ಹತ್ತಿದರೆ, ಹಿಂದಿನ ಸೀಟಿನ ಇಬ್ಬರಾದರೂ ಟಿಕೆಟ್ ಇದ್ದ ಊರು ಬರುವ ಮೊದಲೇ ಇಳಿದು ಹೋಗುತ್ತಿದ್ದರು.

ಮೂಗು ಹೀಗೆ ನೌಕರಿಗೆ ಹತ್ತಿದ್ದಕ್ಕೆ ಕಾರಣ ಕಣ್ಣು ಮಾಡಿದ ಒಂದು ತಪ್ಪು. ಕೊಪ್ಪಳ ಹೊಸ ಜಿಲ್ಲೆಯಾದ ಹೊಸದರಲ್ಲಿ ಶರಣಪ್ಪನವರು ಕನಕಗಿರಿ ಕಡೆ ಒಬ್ಬ ಮುದುಕಿಯ ಹಿತ್ತಲಿಗೆ ದಾಳಿ ಮಾಡಿ, ಎದೆಮಟ್ಟ ಬೆಳೆದ ಗಿಡಗಳನ್ನು ಬುಡಸಮೇತ ಕಿತ್ತು, ಸಿವುಡು ಕಟ್ಟಿ, ಜೀಪಿನಲ್ಲಿ ಹೇರಿಕೊಂಡು ಬಂದರು. ಅದು ಪುಂಡಿಪಲ್ಯ. ಎಲೆ ನೋಡಿದರೆ ಗಾಂಜಾದ ತಂಗಿ ಅನ್ನಬೇಕು, ಹಾಗಿರುತ್ತದೆ. ಮರುದಿನ ಮುದುಕಿ ಪುಂಡಿಪಲ್ಯ ಮಾಡಿಕೊಂಡು, ಜೋಳದ ರೊಟ್ಟಿ ಬುತ್ತಿ ಕಟ್ಟಿಕೊಂಡು ಆಫೀಸಿಗೇ ಬಂದಳು.

"ಉಂಡು ನೋಡ್ರಿ ಸಾಹೇಬ್ರ. ನಶೆ ಏರಿದ್ರ ನನ್ನ ಜೇಲಿಗೆ ಹಾಕ್ರಿ. ಏರಲಿಲ್ಲಂದ್ರ ನನ್ನ ಹಿತ್ತಲ ತಿರುಗಿ ಹಚ್ಚಿಕೊಡ್ರಿ."

ದೊಡ್ಡ ಸಾಹೇಬರು ಎರಡು ರೊಟ್ಟಿ ಉಂಡು ಕೇಸು ಮುಗಿಸಿದರು. ಶರಣಪ್ಪನವರು ಎರಡು ದಿನ ರಜೆ ಹಾಕಿ ಮುದುಕಿಯ ಹಿತ್ತಲಲ್ಲಿ ಪುಂಡಿ ಬೀಜ ಊರಿ ಬಂದರು. ಈ ಕಥೆಯನ್ನು ಅವರೇ ನನಗೆ ಹೇಳುತ್ತಿದ್ದರು, ಬೇರೆಯವರು ಹೇಳುವ ಮೊದಲೇ ಹೇಳಿಬಿಡುವುದು ಒಳ್ಳೆಯದೆಂದು. "ಕಣ್ಣು ಸುಳ್ಳು ಸಾಕ್ಷಿ ಹೇಳ್ತೈತ್ರಿ ಅಕ್ಕಾರ. ಮೂಗು ಹೇಳೂದಿಲ್ಲ."

ಆ ಮೇಲೆ ಇಬ್ಬರು ಪಂಚರ ಸಹಿ ಇಲ್ಲದೆ ಅವರು ಒಂದು ಎಲೆಯನ್ನೂ ಮುಟ್ಟಲಿಲ್ಲ. ರಿಟೈರಾಗಿ ಕುಷ್ಟಗಿಯಲ್ಲಿ ನಮ್ಮ ಮಗ್ಗುಲ ಮನೆಗೆ ಬಂದಾಗ ಖಾಕಿ ಅಂಗಿ ಪೆಟ್ಟಿಗೆ ಸೇರಿತು, ಪಂಚನಾಮೆ ಸೇರಲಿಲ್ಲ. ಒಂದು ದಿನ ನಮ್ಮ ಬೆಕ್ಕು ಅವರ ಹಾಲು ಕುಡಿಯಿತು. ನನ್ನನ್ನೂ, ಎದುರು ಮನೆಯ ದರ್ಜಿ ಹುಸೇನಸಾಬರನ್ನೂ ಕರೆದು ಒಲೆಯ ಮುಂದೆ ನಿಲ್ಲಿಸಿ ಬರೆದರು: "ಸದರಿ ಬೆಕ್ಕು ಸದರಿ ಪಾತ್ರೆಯ ಮುಚ್ಚಳವನ್ನು ಎಡಗಾಲಿನಿಂದ ಸರಿಸಿ ಸದರಿ ಹಾಲನ್ನು ಸೇವಿಸಿದ್ದು ಕಂಡುಬಂದಿರುತ್ತದೆ." ಓದಿ ಹೇಳಿದರು. ನಾವು ಸಹಿ ಮಾಡಿದೆವು. ಬೆಕ್ಕು ಅಲ್ಲೇ ಕುಳಿತು ಮೀಸೆ ಒರೆಸಿಕೊಳ್ಳುತ್ತಿತ್ತು.

ಈಗ ನನ್ನ ಮೊಮ್ಮಗಳು ನೀಲಿಯ ಮಾತು ಬರಬೇಕು. ಇಷ್ಟು ಹೊತ್ತು ನಾನು ತಡೆದುಕೊಂಡದ್ದೇ ಹೆಚ್ಚು. ಬೀದಿಯಲ್ಲಿ ನೀವು ಸಿಕ್ಕಿದ್ದರೆ ಮೊದಲು ಅವಳ ಸುದ್ದಿ ಹೇಳಿ, ಆಮೇಲೆ ನಿಮ್ಮ ಹೆಸರು ಕೇಳುತ್ತಿದ್ದೆ. ಎರಡು ವರ್ಷದವಳಿದ್ದಾಗ ಅವಳಿಗೆ ಮೂರ್ಛೆ ಶುರುವಾಯಿತು. ಆಡುತ್ತ ಆಡುತ್ತ ಕಡಿದ ದಂಟಿನ ಹಾಗೆ ಬೀಳುವಳು. ಗುಳಿಗೆ ಬದಲಾದವು, ಡಾಕ್ಟರು ಬದಲಾದರು, ಹುಲಿಗೆಮ್ಮನಿಗೆ ಹೊತ್ತ ಹರಕೆಗಳ ಲೆಕ್ಕ ಹುಲಿಗೆಮ್ಮನಿಗೇ ತಪ್ಪಿರಬೇಕು. ಬಳಗದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬರು ಉಳ್ಳಾಗಡ್ಡಿ ಮೂಸಿಸಿರಿ ಎಂದರು, ಇನ್ನೊಬ್ಬರು ಚಪ್ಪಲಿ ಮೂಸಿಸಿರಿ ಎಂದರು. ನಾನು ಕಬ್ಬಿಣದ ಕೀಲಿಕೈ ಹಿಡಿಸಿದವಳು. ಕೂಸಿನ ಕೈಗೆ ಕೊಟ್ಟ ಕೀಲಿ ಎಲ್ಲೋ ಬಿದ್ದು, ಮಗ ಮಲ್ಲು ಬೀಗ ಹಾಕಿದ ಮನೆಯ ಮುಂದೆ ಕುಳಿತ ದಿನಗಳೂ ಉಂಟು.

ಆರು ತುಂಬಿದಾಗ ಸಾಲಿಗೆ ಕರೆದುಕೊಂಡು ಹೋದೆವು. ಮೂರನೇ ದಿನ ಬೆಂಚಿನಿಂದ ಬಿದ್ದು ಹಣೆ ಒಡೆದುಕೊಂಡಳು. ಮಾಸ್ತರರು ಕೆಟ್ಟವರಲ್ಲ, ಹೆದರಿದರು. "ಬೀಳೂದು ನಿಂತ ಮ್ಯಾಲೆ ಕರಕೊಂಡು ಬರ್ರಿ. ಹೆಸರು ಹಂಗ ಇರ್ತೈತಿ." ಹಾಗೆ ಅವಳ ಹೆಸರು ಸಾಲಿಯಲ್ಲಿತ್ತು, ಅವಳು ಮನೆಯಲ್ಲಿದ್ದಳು. ನಾನು ಅವಳ ಹಿಂದೆ ಇದ್ದೆ. ಅವಳು ನಿಂತರೆ ನಿಲ್ಲುವೆ, ನಡೆದರೆ ನಡೆಯುವೆ, ಎರಡು ಕೈ ಮುಂದೆ ಚಾಚಿಕೊಂಡು.

ಕೊನೆಗೆ ಹುಬ್ಬಳ್ಳಿಯ ಒಬ್ಬ ಡಾಕ್ಟರಮ್ಮ ಹೊಸ ಔಷಧ ಬರೆದರು. "ಇದು ಗಾಂಜಾ ಗಿಡದಿಂದ ತೆಗೆದದ್ದು. ನಶೆಯ ಅಂಶ ಬೇರೆ ಮಾಡಿರುತ್ತಾರೆ. ಎಲ್ಲ ಮೂರ್ಛೆಗೂ ಅಲ್ಲ, ಬೇರೆ ಗುಳಿಗೆಗಳಿಗೆ ಬಗ್ಗದ ಇಂಥ ಮೂರ್ಛೆಗೆ. ಹಳೆಯ ಬಿಳಿ ಗುಳಿಗೆಯೂ ನಡೆಯಲಿ. ನನ್ನ ಚೀಟಿ ಇಲ್ಲದೆ ಯಾರೂ ಕೊಡುವ ಹಾಗಿಲ್ಲ. ನಾನು ಹೇಳದೆ ನೀವೂ ನಿಲ್ಲಿಸುವ ಹಾಗಿಲ್ಲ."

ಬರುವಾಗ ಬಸ್ಸಿನಲ್ಲಿ ಮಲ್ಲು ನನ್ನ ಕಿವಿಯಲ್ಲಿ ಹೇಳಿದ: "ಅವ್ವಾ, ಬಾಯಿ ಮುಚ್ಚಿಕೊಂಡಿರಬೇಕು. ಗ್ವಾಡಿ ಆಚೆ ಯಾರು ಅದಾರಂತ ಗೊತ್ತೈತಿಲ್ಲೋ?" ನಾನು ಆಣೆ ಮಾಡಿದೆ. ಆ ಆಣೆ ಸಂಜೆಯ ಚಹಾದವರೆಗೆ ಉಳಿಯಿತು.

"ಶರಣಪ್ಪನವರ, ನಮ್ಮ ಮನ್ಯಾಗ ಗಾಂಜಾ ಐತ್ರಿ."

ಅವರು ಚಹಾದ ಬಸಿಯನ್ನು ಕೆಳಗಿಟ್ಟರು. "ಎಷ್ಟೈತಿ?"

"ಒಂದು ಬಾಟ್ಲಿ. ಡಾಕ್ಟ್ರು ಕೊಟ್ಟಾರ, ನೀಲಿಗೆ."

ಅವರು ಒಳಗೆ ಹೋಗಿ ಪೆಟ್ಟಿಗೆ ತೆಗೆದು ಖಾಕಿ ಅಂಗಿ ತೊಟ್ಟು, ಗುಂಡಿ ಪೂರ್ತಿ ಹಾಕಿ, ದಿನಾ ಹಿತ್ತಲ ಬಾಗಿಲಿಂದ ಬರುವವರು ಅಂದು ಮುಂಬಾಗಿಲಿಗೆ ಬಂದರು. ಮಲ್ಲು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಬಾಟಲಿ ತಂದುಕೊಟ್ಟ. ಶರಣಪ್ಪನವರು ಮುಚ್ಚಳ ತೆಗೆದು ಮೂಸಿದರು. ಅಂಗಳಕ್ಕೆ ಹೋಗಿ ಗಾಳಿಗೆ ಹಿಡಿದು ಮೂಸಿದರು. ಮತ್ತೆ ಒಳಗೆ ಬಂದು, ಒಂದು ಹೊರಳೆ ಮುಚ್ಚಿ ಇನ್ನೊಂದರಿಂದ ಮೂಸಿದರು.

"ಎಳ್ಳೆಣ್ಣಿ," ಎಂದರು. "ಮ್ಯಾಲೆ ಯಾವುದೋ ಹಣ್ಣಿನ ವಾಸನಿ." ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಮಲ್ಲಪ್ಪಾ, ನಿಮಗ ಯಾರೋ ಮೋಸ ಮಾಡ್ಯಾರ. ಇದರಾಗ ಗಾಂಜಾನ ಇಲ್ಲ."

ಗಾಂಜಾ ಇಲ್ಲವೆಂದು ಅಬಕಾರಿಯವರು ಕೊರಗಿದ್ದನ್ನು ನಾನು ನೋಡಿದ್ದು ಅದೇ ಒಂದು ಸಲ. ಆಮೇಲೆ ಡಾಕ್ಟರರ ಚೀಟಿ ಓದಿದರು, ಡಬ್ಬಿಯ ಮೇಲಿನ ಅಕ್ಷರ ಭೂತಗನ್ನಡಿ ಹಿಡಿದು ಓದಿದರು. ಓದುತ್ತ ಓದುತ್ತ ಮುಖ ತಿಳಿಯಾಯಿತು. "ಕಾಗದ ಇದ್ರ ಔಷಧ, ಕಾಗದ ಇಲ್ಲಂದ್ರ ಮಾಲು. ನಿಮ್ದು ಔಷಧ. ಆದ್ರ ಮಾಲು ಕಾದಂಗ ಕಾಯಬೇಕು. ನಾಳಿಯಿಂದ ನಾ ಬರ್ತೀನಿ."

ಮುಂಜಾನೆ ಏಳಕ್ಕೆ, ಸಂಜೆ ಏಳಕ್ಕೆ ಬಂದರು. ಸೂಜಿ ಇಲ್ಲದ ಸಿರಿಂಜಿನಲ್ಲಿ ಸೊಸೆ ಎಣ್ಣೆ ಎಳೆಯುವಳು, ಇವರು ಬೆಳಕಿಗೆ ಹಿಡಿದು ಗೆರೆ ನೋಡುವರು, ನಾನೂ ಹುಸೇನಸಾಬರೂ ಪಂಚರು. "ಸದರಿ ಔಷಧವನ್ನು ಸದರಿ ಕೂಸಿನ ಬಲಗೆನ್ನೆಯ ಒಳಭಾಗದಲ್ಲಿ..." ಎಂದು ಅವರು ಬರೆದು ಮುಗಿಸುವತನಕ ನೀಲಿ ಬಾಯಿ ತೆರೆದು ಕುಳಿತಿರಬೇಕು.

"ಗಾರ್ಡ್ ಸಾಹೇಬ್ರ, ನಿಮ್ಮ ಸದರಿ ಮುಗ್ಯೂದ್ರಾಗ ಕೂಸಿನ ಬಾಯಾಗ ನೊಣ ಹೋಗ್ತಾವ," ಎಂದರು ಹುಸೇನಸಾಬರು.

"ಹೋದ್ರ ಅದನ್ನೂ ಬರೀತೀನಿ. ನೀ ಸಹಿ ಮಾಡು."

ಔಷಧ ಮಾತ್ರವಲ್ಲ, ನೀಲಿ ಬಿದ್ದದ್ದನ್ನೂ ಬರೆದರು. ಎಷ್ಟು ಹೊತ್ತಿಗೆ, ಎಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ, ಬೀಳುವ ಮೊದಲು ಏನು ತಿಂದಿದ್ದಳು, ಎದ್ದ ಮೇಲೆ ಮೊದಲು ಯಾರನ್ನು ಕರೆದಳು. ನಾನು ಅಳುತ್ತಿದ್ದರೆ "ಅಕ್ಕಾರ, ಅಳೂದು ಆಮ್ಯಾಲೆ, ಮೊದಲ ಟೈಮ್ ಹೇಳ್ರಿ" ಎನ್ನುವರು. ಸಿಟ್ಟು ಬರುತ್ತಿತ್ತು. ಆದರೆ ಗಡಿಯಾರ ನೋಡುವ ಅಭ್ಯಾಸವಾಯಿತು. ಗಡಿಯಾರ ನೋಡುವವರಿಗೆ ಅಳಲು ಪುರುಸೊತ್ತು ಸ್ವಲ್ಪ ಕಡಿಮೆ.

ಮೂರನೇ ವಾರ ಕೂಸು ಮಂಕಾಯಿತು. ತಟ್ಟೆಯ ಮುಂದೆ ತೂಕಡಿಸುವಳು, ಎಬ್ಬಿಸಿದರೆ ಮತ್ತೆ ಮಲಗುವಳು. ಕಾರಟಗಿಯಿಂದ ನಮ್ಮ ನಾದಿನಿ ಬಂದಳು, ಸುದ್ದಿ ಅಲ್ಲಿಯವರೆಗೆ ಹೋಗಿತ್ತು. ಹೇಗೆ ಹೋಯಿತೆಂದು ಮಲ್ಲು ಕೇಳಲಿಲ್ಲ, ಸುಮ್ಮನೆ ನನ್ನ ಕಡೆ ನೋಡಿದ.

"ಕೂಸಿಗೆ ಗಾಂಜಾ ಕುಡಿಸಿ ಮಲಗಿಸ್ತೀರಲ್ಲ, ನಾಚಿಕಿ ಆಗೂದಿಲ್ಲೇನು? ಸಾಧುಗಳು ಸೇದಿ ಮಲಗ್ತಾರ ಅಂತ ಕೇಳಿದ್ನಿ, ಇಲ್ಲಿ ಹಾಲುಹಲ್ಲಿನ ಕೂಸು ಮಲಗೈತಿ!"

ಮಲ್ಲು ಬಾಟಲಿ ಎತ್ತಿಕೊಂಡು ಮೋರಿಯ ಕಡೆ ಹೊರಟ. ಶರಣಪ್ಪನವರು ಬಾಗಿಲಲ್ಲಿ ಅಡ್ಡ ನಿಂತರು. ಜೀವಮಾನವೆಲ್ಲ ಈ ಗಿಡ ನಾಶ ಮಾಡಿದ ಮನುಷ್ಯ, ಒಂದು ಬಾಟಲಿ ಉಳಿಸಲು ಕೈ ಅಗಲಿಸಿ ನಿಂತಿದ್ದರು.

"ಹಿಂಗ ಒಮ್ಮೆಲೇ ನಿಲ್ಲಿಸಬಾರದಂತ ಡಾಕ್ಟ್ರು ಹೇಳ್ಯಾರೋ ಇಲ್ಲೋ? ನಿಲ್ಲಿಸಿದ್ರ ಮೂರ್ಛಿ ಜೋರಾಗಿ ಬರ್ತೈತಿ. ಮೊದಲ ಇದನ್ನ ನೋಡು." ನೋಟ್‌ಬುಕ್ಕು ಬಿಡಿಸಿದರು. "ಮೊದಲನೇ ವಾರ ಇಪ್ಪತ್ತಾರು ಸಲ ಬಿದ್ದಾಳ. ಈ ವಾರ ಒಂಬತ್ತು. ಇನ್ನ ನಿದ್ದಿ ಮಾತು. ಮುಂಜಾನೆ ಎಣ್ಣಿ ಕುಡದು ಆಡ್ಯಾಳ. ಮಧ್ಯಾಹ್ನ ಆ ಹಳೇ ಬಿಳಿ ಗುಳಿಗಿ ನುಂಗಿದ ಮ್ಯಾಲೆ ತೂಕಡಿಸ್ಯಾಳ. ದಿನಾ ಅದ ಹೊತ್ತಿಗೆ. ಪಂಚರ ಸಹಿ ಐತಿ. ನನಗ ಸಂಶೆ ಗುಳಿಗಿ ಮ್ಯಾಲೆ."

"ನೀವೇನು ಡಾಕ್ಟ್ರೇನ್ರಿ?" ಎಂದ ಮಲ್ಲು. ಅವನ ಕಣ್ಣಲ್ಲಿ ನೀರಿತ್ತು.

"ಅಲ್ಲ. ಅದಕ್ಕ ಡಾಕ್ಟ್ರ ಹಂತ್ಯಾಕ ಹೋಗೂಣು. ತಪ್ಪು ಯಾರದಂತ ಅವರು ಹೇಳ್ಲಿ."

ಮರುದಿನ ಮುಂಜಾನೆಯ ಬಸ್ಸಿಗೆ ಎಲ್ಲರೂ ಹುಬ್ಬಳ್ಳಿಗೆ ಹೋದೆವು. ಡಾಕ್ಟರಮ್ಮ ಮೊದಲ ಪುಟ ಓದಿ ನಕ್ಕರು. ಎರಡನೆಯದಕ್ಕೂ ನಕ್ಕರು. ಮೂರನೇ ಪುಟದಿಂದ ನಗಲಿಲ್ಲ, ಕನ್ನಡಕ ಸರಿ ಮಾಡಿಕೊಂಡು ಬೆರಳಿಟ್ಟು ಓದಿದರು. ಹೊರಗೆ ರೋಗಿಗಳು ಗೊಣಗುತ್ತಿದ್ದರು. ಮುಗಿದ ಮೇಲೆ, "ಎಷ್ಟು ಸಲ ಬಿತ್ತು ಎಂದು ಕೇಳಿದರೆ ತಾಯಂದಿರು ಭಾಳ ಸಲ ಎನ್ನುತ್ತಾರೆ. ಇಂಥದ್ದನ್ನು ನನಗೆ ಯಾರೂ ತಂದುಕೊಟ್ಟಿಲ್ಲ. ಆ ಗುಳಿಗೆಯೂ ಈ ಎಣ್ಣೆಯೂ ಕೂಡಿದರೆ ಗುಳಿಗೆಯ ಜೋರು ಹೆಚ್ಚಾಗಿ ಹೀಗೆ ನಿದ್ದೆ ಬರುವುದುಂಟು. ಗುಳಿಗೆ ಕಡಿಮೆ ಮಾಡೋಣ, ಎಣ್ಣೆ ಬಿಡುವುದು ಬೇಡ" ಎಂದರು. ರಕ್ತದ ಪರೀಕ್ಷೆಗೂ ಬರೆದರು. "ಇದನ್ನು ಬರೆದವರು ಯಾರು?"

ಶರಣಪ್ಪನವರು ಎದ್ದು ನಿಂತು ಸೆಲ್ಯೂಟ್ ಹೊಡೆದರು. ಹೊಡೆದ ಮೇಲೆ ನಾಚಿಕೊಂಡರು.

ಹೊರಗೆ ಬಂದರೆ ಕಂಪನಿಯ ಮನುಷ್ಯ ಟೈ ಕಟ್ಟಿಕೊಂಡು, ಬ್ಯಾಗಿನ ತುಂಬ ಅದೇ ಔಷಧದ ಚಿತ್ರ ಇಟ್ಟುಕೊಂಡು ಡಾಕ್ಟರಿಗಾಗಿ ಕಾಯುತ್ತಿದ್ದ. ಶರಣಪ್ಪನವರು ಅವನ ಮಗ್ಗುಲಲ್ಲಿ ಕುಳಿತರು.

"ಯಾರ ಹೊಲದ್ದಪಾ ಇದು?"

"ಹೊಲ ಅಲ್ಲ ಸರ್, ಗಾಜಿನ ಮನೆ. ಒಂದೊಂದು ಗಿಡಕ್ಕೂ ನಂಬರ್ ಇರುತ್ತೆ. ಇಪ್ಪತ್ನಾಲ್ಕು ಗಂಟೆ ಎಸಿ."

"ಗಿಡಕ್ಕ ಎಸಿ?" ಅವರು ನನ್ನ ಕಡೆ ತಿರುಗಿದರು. "ಆಫೀಸಿಗೆ ಒಂದು ಫ್ಯಾನ್ ಕೊಡ್ರೀ ಅಂತ ಅರ್ಜಿ ಹಾಕಿ ಹಾಕಿ ನಾ ರಿಟೈರಾದ್ನಿ." ಮತ್ತೆ ಅವನಿಗೆ, "ಗಿಡ ಅದ ಜಾತೀದೇನು, ನಾ ಕೀಳತಿದ್ದದ್ದು?"

"ಜಾತಿ ಅದೇ ಸರ್. ಆದ್ರೆ ನಶೆ ಬರೋ ಅಂಶ ಪೂರ್ತಿ ತೆಗೆದುಬಿಟ್ಟಿರ್ತೀವಿ."

"ತೆಗದದ್ದನ್ನ ಎಲ್ಲಿ ಇಟ್ಟೀರಿ?"

ಹುಡುಗ ಬ್ಯಾಗಿನಲ್ಲಿ ಹುಡುಕಿದ, ಉತ್ತರ ಅಲ್ಲಿರಲಿಲ್ಲ. "ಅದು ಕಂಪನಿ ನೋಡ್ಕೊಳ್ಳುತ್ತೆ ಸರ್," ಎಂದು ಒಂದು ಪೆನ್ನು ಕೊಟ್ಟ. ಪೆನ್ನಿನ ಮೇಲೆ ಹಸಿರು ಎಲೆಯ ಚಿತ್ರ. ಇದೇ ಎಲೆ ಅವರ ಆಫೀಸಿನ ಗೋಡೆಯ ಮೇಲೆ 'ಇದನ್ನು ಕಂಡಲ್ಲಿ ತಿಳಿಸಿರಿ' ಎಂದು ತೂಗುತ್ತಿತ್ತಂತೆ. ಅವರು ಎಲೆ ಕಾಣದ ಹಾಗೆ ಪೆನ್ನನ್ನು ಜೇಬಿನಲ್ಲಿ ತಲೆಕೆಳಗಾಗಿ ಸಿಗಿಸಿಕೊಂಡರು. ಬಸ್ಸಿನಲ್ಲಿ ಹೇಳಿದರು: "ನಮ್ಮ ಹೊಲದಾಗ ಬೆಳೆದ್ರ ಗುನ್ನೆ, ಗಾಜಿನ ಮನ್ಯಾಗ ಬೆಳೆದ್ರ ಮದ್ದು. ನಾ ಹಿಡದ ಮಂದ್ಯಾಗ ಒಬ್ಬಾಂವಗೂ ಗಾಜು ಹಾಕಿಸಬೇಕಂತ ಹೊಳೀಲಿಲ್ಲ ನೋಡ್ರಿ ಅಕ್ಕಾರ."

ಊರಿನಲ್ಲಿ ಮಾತ್ರ ಬಹಳ ಜನಕ್ಕೆ ಹೊಳೆಯಿತು. ಔಷಧಕ್ಕೆಂದು ಬೆಳೆಯುತ್ತೇವೆ, ಪರವಾನಗಿ ಎಲ್ಲಿ ಸಿಗುತ್ತದೆ ಎಂದು ಕೇಳಲು ಇಬ್ಬರು ಬಂದರು. ಇನ್ನೊಬ್ಬ ಚಹಾದ ಅಂಗಡಿಯ ಮುಂದೆ ಕಣ್ಣು ತೇಲಿಸಿ ಬಿದ್ದುಕೊಂಡ, ತನಗೂ ಆ ಎಣ್ಣೆ ಬರೆಸಬೇಕೆಂದು. ಶರಣಪ್ಪನವರು ಬಾಗಿ ಮೂಸಿ, "ಇದು ಮೂರ್ಛಿ ಅಲ್ಲ, ಕ್ವಾರ್ಟರ್" ಎಂದರು. ಅವನು ಎದ್ದು ಹೋದ.

ಗುಳಿಗೆ ಕಡಿಮೆ ಮಾಡಿದ ಹತ್ತನೇ ದಿನಕ್ಕೆ ನೀಲಿ ತಾನಾಗಿ ಎರಡನೇ ರೊಟ್ಟಿ ಕೇಳಿದಳು. ನಾನು ರೊಟ್ಟಿ ಬಡಿಯುವುದು ಬಿಟ್ಟು ಓಣಿಯ ತುಂಬ ಹೇಳಿ ಬಂದೆ, ಹಂಚಿನ ಮೇಲಿದ್ದದ್ದು ಕರಿ ಇದ್ದಲಿಯಾಗಿತ್ತು. ಬೀಳುವುದು ವಾರಕ್ಕೆ ನಾಲ್ಕಾಯಿತು, ಒಂದಾಯಿತು, ಆಮೇಲೆ ತಿಂಗಳಿಗೊಂದು. ಪೂರ್ತಿ ಹೋಯಿತೆಂದು ಸುಳ್ಳು ಹೇಳುವುದಿಲ್ಲ. ಆದರೆ ಮಾಸ್ತರರು ನೋಟ್‌ಬುಕ್ಕನ್ನೂ ಡಾಕ್ಟರರ ಕಾಗದವನ್ನೂ ಓದಿ, ನೀಲಿಯನ್ನು ಮುಂದಿನ ಸಾಲಿನಲ್ಲಿ, ಬೆಂಚು ಬೇಡವೆಂದು ಚಾಪೆಯ ಮೇಲೆ ಕೂರಿಸಿಕೊಂಡರು. ನಾನು ಸಾಲಿಯ ಕಟ್ಟೆಯ ಮೇಲೆ ಕುಳಿತೆ. ಒಂದನೇ ಇಯತ್ತೆ ಪೂರ್ತಿ ನಾನೂ ಕಲಿತ ಹಾಗಾಯಿತು.

ಆ ವರ್ಷವೇ ಶರಣಪ್ಪನವರ ಎದೆ ಕೆಟ್ಟಿತು. ಯಲಬುರ್ಗಾದಿಂದ ಮಗಳು ಬಂದು ಕರೆದುಕೊಂಡು ಹೋದಳು. ಹೋಗುವಾಗ ನೋಟ್‌ಬುಕ್ಕನ್ನು ಸೊಸೆಗೆ ಕೊಟ್ಟು, ಪಂಚರು ತಪ್ಪಬಾರದೆಂದು ಹುಸೇನಸಾಬರಿಗೆ ಹೇಳಿ ಹೋದರು.

ದಸರೆಯ ರಜೆಯಲ್ಲಿ ನಾನೂ ನೀಲಿಯೂ ಯಲಬುರ್ಗಾಕ್ಕೆ ಹೋದೆವು. ಮಂಚದ ಮೇಲೆ ದಿಂಬಿಗೆ ಒರಗಿದ್ದರು, ಬಹಳ ಸಣ್ಣಗಾಗಿದ್ದರು. ನೀಲಿ ಅವರಿಗೆ ತನ್ನ ಪುಸ್ತಕದ ಒಂದು ಪಾಠ ಓದಿ ತೋರಿಸಿದಳು. ಅವರು ಅಕ್ಷರ ಕೇಳಲಿಲ್ಲ, ಅವಳ ಕಣ್ಣು, ಕತ್ತು, ಕೈಬೆರಳು ನೋಡುತ್ತಿದ್ದರು. ಪಾಠ ಮುಗಿಯಿತು. ಹೊರಗೆ ಅವರ ಮೊಮ್ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು. ನೀಲಿ ಪುಸ್ತಕ ಮಂಚದ ಮೇಲೆ ಎಸೆದು ಹೊಸ್ತಿಲು ಹಾರಿ ಓಡಿದಳು.

ನಾನು ಎದ್ದು ಎರಡು ಕೈ ಚಾಚಿದೆ. ಅವರು ನನ್ನ ಸೆರಗಿನ ಅಂಚು ಹಿಡಿದರು.

"ಕೂಡ್ರಿ ಅಕ್ಕಾರ."

"ಬೀಳ್ತಾಳ್ರಿ."

"ಬಿದ್ರ ಆ ಹುಡುಗ್ರು ಕೂಗ್ತಾವ. ಓಡ್ಲಿ. ಒಬ್ಬಾಕೀನ ಓಡ್ಲಿ."

ಅದೇ ಅವರನ್ನು ನಾನು ಕೊನೆಯ ಸಲ ನೋಡಿದ್ದು, ಸಂಕ್ರಾಂತಿಗೆ ಮೊದಲೇ ಹೋಗಿಬಿಟ್ಟರು. ಆ ದಿನ ಹೊರಗಿನಿಂದ ಹುಡುಗರ ಜಗಳ ಕೇಳುತ್ತಿತ್ತು. ಗೆರೆ ತುಳಿದಿಲ್ಲವೆಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ನೀಲಿ. ನಾನು ಕುಳಿತೆ.