ಎರಡನೇ ಸಲ ಬಾರದ ಮಸೂದೆ

ರಾಷ್ಟ್ರಪತಿಗಳ ನಿವಾಸದಲ್ಲಿ ಮೇಜು-ಕುರ್ಚಿಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಕುರ್ಚಿ ಸಾಹೇಬರು ಎಂದೇ ಕರೆಯುತ್ತಿದ್ದರು. ಒಳ್ಳೆಯ ಎತ್ತರ, ಅಗಲವಾದ ಭುಜ, ಕಚಗುಳಿ ಇಟ್ಟರೂ ನಗದ ಮುಖ. ಆ ಮುಖದ ದೆಸೆಯಿಂದ ಅವರಿಗೆ ಇನ್ನೊಂದು ಕೆಲಸವೂ ಗಂಟುಬಿದ್ದಿತ್ತು: ದೊಡ್ಡ ಸಮಾರಂಭಗಳ ತಾಲೀಮು ನಡೆಯುವಾಗ ರಾಷ್ಟ್ರಪತಿಗಳ ಜಾಗದಲ್ಲಿ ಕೂರುವುದು. ಸೈನಿಕರು ಸೆಲ್ಯೂಟ್ ಹೊಡೆಯುತ್ತಿದ್ದರು, ಬ್ಯಾಂಡು ಮೊಳಗುತ್ತಿತ್ತು, ಸಾಹೇಬರು ತಲೆಯನ್ನು ಒಂದಿಷ್ಟೇ ಬಾಗಿಸುತ್ತಿದ್ದರು. ತಾಲೀಮು ಮುಗಿದೊಡನೆ ಎದ್ದು, ತಾವು ಕೂತಿದ್ದ ಕುರ್ಚಿಯ ಕಾಲು ಅಲುಗಾಡುತ್ತಿದೆಯೇ ಎಂದು ಬಗ್ಗಿ ನೋಡುತ್ತಿದ್ದರು.

“ಹಗಲೆಲ್ಲಾ ರಾಷ್ಟ್ರಪತಿ, ಸಂಜೆಯಾದ್ರೆ ಬರೀ ಪತಿ” ಎಂದು ಹೆಂಡತಿ ನಗುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಸಂಜೆಯ ಹುದ್ದೆಯೂ ಹೋಯಿತು.

ಉಳಿದವಳು ಮಗಳೊಬ್ಬಳು. ಅವಳೂ ಮನೆ ಬಿಟ್ಟು ಹೋದದ್ದು ಸಾಹೇಬರ ಸಂವಿಧಾನ ನಿಷ್ಠೆಯಿಂದ. ಛಾಪಾಖಾನೆಯಲ್ಲಿ ಜೊತೆಗೆ ಕೆಲಸ ಮಾಡುವವನನ್ನು ಮದುವೆಯಾಗಲೇ ಎಂದು ಅವಳು ಕೇಳಿದಾಗ ಹುಡುಗನ ಬಗ್ಗೆ ಅವರಿಗೆ ತಕರಾರೇನೂ ಇರಲಿಲ್ಲ. ಆದರೆ ಕೇಳಿದ ತಕ್ಷಣ ಹೂಂ ಎಂದರೆ ಅಪ್ಪನ ಸ್ಥಾನಕ್ಕೆ ಏನು ತೂಕ ಉಳಿಯಿತು? ಸಂಸತ್ತು ಕಳಿಸಿದ ಮಸೂದೆಯನ್ನು ರಾಷ್ಟ್ರಪತಿಗಳು ಒಂದು ಸಲ ವಾಪಸು ಕಳಿಸಬಹುದು; ಅದೇ ಎರಡನೇ ಸಲ ಬಂದರೆ ಬಾಯಿ ಮುಚ್ಚಿಕೊಂಡು ಸಹಿ ಹಾಕಬೇಕು. ಸಾಹೇಬರು ಗಂಟಲು ಸರಿಮಾಡಿಕೊಂಡು, “ಈಗ ಬೇಡಮ್ಮಾ. ಇನ್ನೊಂದ್ಸಲ ಯೋಚ್ನೆ ಮಾಡು” ಎಂದರು. ನಾಳೆ ಮತ್ತೆ ಕೇಳುತ್ತಾಳೆ, ಹೂಂ ಎಂದುಬಿಟ್ಟರಾಯಿತು ಎಂದುಕೊಂಡು ನೆಮ್ಮದಿಯಾಗಿ ಮಲಗಿದರು.

ಈ ನಿಯಮ ಮನೆಗೂ ಅನ್ವಯಿಸುತ್ತದೆಂದು ಅವಳಿಗೇನು ಗೊತ್ತು? ಅವಳು ಮತ್ತೆ ಕೇಳಲಿಲ್ಲ. ಮದುವೆಯಾಗಿ, ಊರಿನ ಆ ತುದಿಯಲ್ಲಿ ಮನೆ ಮಾಡಿದಳು. ಸಾಹೇಬರು ಸಹಿ ಹಾಕಲು ಸಿದ್ಧರಾಗಿ ವರ್ಷಗಟ್ಟಲೆ ಕಾದರು. ಸಹಿಸುವುದಷ್ಟೇ ಉಳಿಯಿತು. ಮನೆಯ ಊಟದ ಮೇಜಿಗೆ ನಾಲ್ಕು ಕುರ್ಚಿ. ಎಲ್ಲವೂ ಒಂದೇ ಸಮ ಸವೆಯಲಿ ಎಂದು ದಿನಕ್ಕೊಂದರಲ್ಲಿ ಕೂತು ಉಣ್ಣುತ್ತಿದ್ದರು. ಕಚೇರಿಯ ಅಭ್ಯಾಸ, ಎಲ್ಲಿ ಹೋಗುತ್ತದೆ?

ಹೊಸ ರಾಷ್ಟ್ರಪತಿಗಳ ಪ್ರಮಾಣವಚನಕ್ಕೆ ತಾಲೀಮು ನಡೆದಿತ್ತು. ಚಹಾದ ಬಿಡುವಿನಲ್ಲಿ ಬ್ಯಾಂಡಿನ ಡ್ರಮ್ಮಿನವನು ಪಕ್ಕಕ್ಕೆ ಬಂದ.

“ಬೇಜಾರು ಮಾಡ್ಕೋಬೇಡಿ ಸಾಹೇಬ್ರೇ. ಆಡಳಿತ ನಡೆಸೋರು ಮಂತ್ರಿಗಳು. ಮತ್ತೆ ಈ ರಾಷ್ಟ್ರಪತಿ ಯಾತಕ್ಕೆ? ನಾನು ಬಡಿಯೋಕೆ, ಅವರು ಕೇಳೋಕೆ, ಅಷ್ಟೇನಾ?”

“ಬಾಡಿಗೆಯವರು ಮನೆ ಖಾಲಿ ಮಾಡ್ತಾ ಇದಾರೆ ಅನ್ಕೋ. ಬೀಗದಕೈ ಯಾರ ಹತ್ರ ಇರ್ಬೇಕು? ಹೋಗೋರ ಹತ್ರಾನೇ ಬಿಟ್ರೆ ಅವರು ಹೋಗೋದೇ ಇಲ್ಲ. ಬರೋರಿಗೆ ಮೊದ್ಲೇ ಕೊಟ್ರೆ ಹೋಗೋರ ಪಾತ್ರೆಪಗಡ ಬೀದಿಗೆ. ಸರ್ಕಾರ ಬದಲಾಗೋದೂ ಹಾಗೇ. ಅದಕ್ಕೇ ಯಾವ ಕಡೆಗೂ ಸೇರದೋರು ಒಬ್ರು ಬೇಕಪ್ಪಾ.”

“ಬರೀ ಬೀಗದಕೈನಾ? ಅಧಿಕಾರ?”

“ಯಾಕಿಲ್ಲ? ಪ್ರಧಾನಿನ ಕರೆದು ಸರ್ಕಾರ ಮಾಡಿ ಅನ್ನೋರು ಅವರೇ. ಸೈನ್ಯ ಅವರ ಹೆಸರಲ್ಲೇ. ಗಲ್ಲುಶಿಕ್ಷೆ ಆದವನಿಗೂ ಕ್ಷಮೆ ಕೊಡಬಹುದು. ಆದ್ರೆ ಹೆಚ್ಚಿನದೆಲ್ಲಾ ಮಂತ್ರಿಗಳು ಹೇಳಿದ ಹಾಗೇನೇ. ಕಾನೂನು ಸರಿಯಿಲ್ಲ ಅನ್ನಿಸಿದ್ರೆ ಒಂದ್ಸಲ ವಾಪಸ್ ಕಳಿಸಬಹುದು. ಎರಡನೇ ಸಲ ಬಂದ್ರೆ ಉಸಿರೆತ್ತೋ ಹಾಗಿಲ್ಲ, ಸಹಿ.”

“ಎರಡನೇ ಸಲ ಬರದೇ ಇದ್ರೆ?”

ಸಾಹೇಬರು ಲೋಟದೊಳಗೆ ನೋಡಿದರು. “ಬರದೇ ಇದ್ರೆ... ಅಲ್ಲಿಗೆ ಮುಗೀತು.”

“ಇವರೇ ಹೋಗಿ, ಏನಾಯ್ತ್ರಪ್ಪಾ ಅಂತ ಕೇಳಬಾರದಾ?”

“ರಾಷ್ಟ್ರಪತಿ ಹೋಗಿ ಕೇಳೋದುಂಟೇನೋ!” ಎಂದು ಗದರಿದರು.

ತಾಲೀಮಿನ ಸೀಟಿ ಕೇಳಿಸಿತು. ಸಾಹೇಬರು ಹೋಗಿ ಕೂತರು. ಸೈನಿಕರು ಸಾಲಾಗಿ ಸೆಲ್ಯೂಟ್ ಹೊಡೆದರು. ಸೆಲ್ಯೂಟು ಕುರ್ಚಿಗೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆವತ್ತು ಅವರು ತಲೆ ಬಾಗಿಸುವುದನ್ನೇ ಮರೆತರು. ರಾಷ್ಟ್ರಪತಿ ಹೋಗಿ ಕೇಳಲಾರರು, ಸರಿ. ಕುರ್ಚಿ ಒರೆಸುವವನಿಗೆ ಏನು ಅಡ್ಡಿ?

ಮನೆಗೆ ಬಂದವರು ದೀಪ ಹಾಕುವುದನ್ನೂ ಮರೆತು ಮಗಳಿಗೆ ಫೋನು ಮಾಡಿದರು.

“ನಾನಮ್ಮಾ, ಅಪ್ಪ.”

ಆ ಕಡೆ ಕುಕ್ಕರ್ ಕೂಗಿ ಸುಮ್ಮನಾಯಿತು. “ಹೇಳಿ.”

“ನಿನ್ನ ಮನೆಗೆ ಬರಲಾ ಅಂತ... ಕೇಳೋಣ ಅಂತ.”

ಆ ಕಡೆ ಒಲೆ ಆರಿಸಿದ ಸದ್ದು ಕೇಳಿಸಿತು.

“ಈಗ ಬೇಡಪ್ಪಾ” ಎಂದಳು. “ಇನ್ನೊಂದ್ಸಲ ಯೋಚ್ನೆ ಮಾಡಿ.” ಫೋನು ಇಟ್ಟಳು.

ಬಹುವಚನವೊಂದು ಬಿಟ್ಟರೆ ಮಾತೆಲ್ಲ ಅವರದೇ. ಇಷ್ಟು ವರ್ಷ ಅದನ್ನು ಹಾಗೇ ಎತ್ತಿಟ್ಟುಕೊಂಡಿದ್ದಳು. ಸಾಹೇಬರು ಆ ದಿನದ ಸರದಿಯ ಕುರ್ಚಿಯನ್ನು ಎಳೆದುಕೊಂಡು ಕೂತರು. ಉಳಿದ ಮೂರು ಕತ್ತಲಲ್ಲಿ ಸುಮ್ಮನಿದ್ದವು. ಎರಡನೇ ಸಲ ಕೇಳಿದರೆ ಒಪ್ಪಲೇಬೇಕೆಂಬ ನಿಯಮ ಅವಳ ಮನೆಯಲ್ಲಿದೆಯೋ ಇಲ್ಲವೋ, ಹೇಳುವವರು ಯಾರು?

ಅದೇ ನಂಬರನ್ನು ಮತ್ತೆ ಒತ್ತಿದರು. ಆ ಕಡೆ ಗಂಟೆ ಹೊಡೆದುಕೊಳ್ಳತೊಡಗಿತು. ಸಾಹೇಬರು ಕುರ್ಚಿ ಬಿಟ್ಟು ಎದ್ದು ನಿಂತರು.